ಹುಲಿರಾಯನ ಎದುರು ಸೀಟಿ ಬಂದ್!

ತುಂಗಭದ್ರೆ ದಂಡೆಯ ನಮ್ಮ ಮಾಗಳದಿಂದ ಬಂಡೀಪುರಕ್ಕೆ ಏನಿಲ್ಲವೆಂದರೂ 400 ಕಿಲೋಮೀಟರು. ನಾಲ್ವರು ಗೆಳೆಯರು, ಒಂದು ಬಾಡಿಗೆ ಕಾರು. ದಾವಣಗೆರೆ, ಚಿತ್ರದುರ್ಗ, ಮೈಸೂರು ದಾಟಿ ಗುಂಡ್ಲುಪೇಟೆ ಮುಟ್ಟುವವರೆಗೂ ಒಂದೇ ಮಾತು: ‘ಗಂಧದ ಗುಡಿ’!

ಅಣ್ಣಾವ್ರು ಅರಣ್ಯಾಧಿಕಾರಿಯಾಗಿ ಮಿಂಚಿದ, ಎಂ.ಪಿ. ಶಂಕರ್ ನಿರ್ಮಿಸಿದ ಆ ಚಿತ್ರ ತೆರೆಕಂಡದ್ದು 1973ರಲ್ಲಿ. ‘ಹುಲಿ ಯೋಜನೆ’ ಶುರುವಾದದ್ದೂ ಅದೇ ವರ್ಷ. ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಕಾಕತಾಳೀಯ ಅಂತೀರಾ? ಅಭಿಮಾನಿಗಳು ಒಪ್ಪಬೇಕಲ್ಲ! 2022ರ ಗಣತಿ ಪ್ರಕಾರ ರಾಜ್ಯದಲ್ಲಿ ಹುಲಿಗಳು 563.

“ಹಂಗಾರ ಒಂದಾದ್ರೂ ಸಿಗತೈತಿ ಬಿಡಲೇ” ಎಂದ ಗೆಳೆಯ. ಗಾಂಧಿ ಕ್ಲಾಸಿನ ಸೀಟಿ ವೀರ ಅವನು.

ಜೀಪು ಕಾಡು ಹೊಕ್ಕು ಗಂಟೆ ಕಳೆದರೂ ನವಿಲು, ಜಿಂಕೆ, ಆನೆ ಲದ್ದಿ ಅಷ್ಟೇ. ತಟ್ಟನೆ ಜಿಂಕೆಯೊಂದು ಚೀರಿತು. ಮರದ ಮೇಲಿಂದ ಮುಸುವ ಗದರಿತು. ಡ್ರೈವರಣ್ಣ ಎಂಜಿನ್ ಆಫ್ ಮಾಡಿದ. “ಜಿಂಕೆ ಸುಮ್ಸುಮ್ನೆ ಕೂಗಲ್ಲ ಸಾರ್. ಸದ್ದು ಮಾಡ್ಬೇಡಿ. ನಾವು ಗಲಾಟೆ ಮಾಡಿದ್ರೆ ಅದು ಬೇಟೆ ಬಿಟ್ಟು ಹೋಗುತ್ತೆ, ಉಪವಾಸ ಅದಕ್ಕೆ.”

ಲಂಟಾನ ಪೊದೆ ಅಲುಗಿತು. ಎಂಟ್ರಿ ಅಂದರೆ ಅದಪ್ಪಾ! ಹಿನ್ನೆಲೆ ಸಂಗೀತವಿಲ್ಲ, ಸ್ಲೋಮೋಷನ್ ಇಲ್ಲ. ನಮ್ಮತ್ತ ತಿರುಗಿಯೂ ನೋಡದೆ ದಾರಿ ದಾಟಿ ಹೋಯಿತು. ಗೆಳೆಯನ ಎರಡು ಬೆರಳು ತುಟಿ ಹತ್ತಿರವೇ ನಿಂತಿದ್ದವು; ಸೀಟಿ ಹೊರಡಲೇ ಇಲ್ಲ.

2009ರಿಂದ ಈ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಆ ಹೊತ್ತು ರಸ್ತೆ ಅವುಗಳದ್ದೇ. ನಾವು ಎಂಟರೊಳಗೇ ಗುಂಡ್ಲುಪೇಟೆ ಸೇರಿಕೊಂಡೆವು.