ಅಳತೆ ಪುಸ್ತಕ ಯಾರದು?

ಸಿವಿಲ್ ಬ್ರಾಂಚಿನವರಿಗೆ ‘ಎಂ.ಬಿ.’ ಅಂದ್ರೆ ಗೊತ್ತಿರುತ್ತೆ. ಮೆಷರ್‌ಮೆಂಟ್ ಬುಕ್, ಅಂದರೆ ಅಳತೆ ಪುಸ್ತಕ. ಸರ್ಕಾರಿ ಕಾಮಗಾರಿ ಎಷ್ಟಾಗಿದೆ ಅಂತ ಇಂಜಿನಿಯರ್ ಅಳೆದು, ಅದರಲ್ಲಿ ಬರೆದು ಸಹಿ ಹಾಕಿದ ಮೇಲೆಯೇ ಬಿಲ್ ಪಾಸಾಗೋದು. ಮಾಹಿತಿ ಹಕ್ಕಿನ ಕಾಯ್ದೆ ಹುಟ್ಟಿದ್ದರ ಹಿಂದೆ ಇಂಥ ಪುಸ್ತಕಗಳ ಜಗಳವಿದೆ. ಹಾಗಾಗಿ ಈ ಕಥೆ ನಾವು ಇಂಜಿನಿಯರಿಂಗ್ ಓದೋರಿಗೆ ಎಲ್ಲರಿಗಿಂತ ಹತ್ತಿರದ್ದು.

ಸ್ಥಳ, ರಾಜಸ್ಥಾನದ ರಾಜಸಮಂದ್ ಸುತ್ತಮುತ್ತ. ಕಾಲ, 1980ರ ದಶಕದ ಕೊನೆ. ಬರಗಾಲದ ಕಾಮಗಾರಿಗಳಲ್ಲಿ ದಿನವಿಡೀ ಮಣ್ಣು ಹೊತ್ತವರಿಗೂ ಕನಿಷ್ಠ ಕೂಲಿ ಸಿಗ್ತಿರಲಿಲ್ಲ. ಯಾಕೆ ಅಂತ ಕೇಳಿದರೆ, “ಅಳತೆಯಲ್ಲಿ ನಿಮ್ಮ ಕೆಲಸ ಅಷ್ಟೇ ಬಂದಿದೆ” ಅನ್ನೋ ಉತ್ತರ. “ಹಾಗಾದ್ರೆ ಆ ಲೆಕ್ಕ ತೋರಿಸಿ” ಅಂದರೆ, ಅದು ಸರ್ಕಾರಿ ದಾಖಲೆ, ತೋರಿಸೋ ಹಾಗಿಲ್ಲ! ಅಧಿಕಾರಿಗಳ ಬೆನ್ನಿಗೆ 1923ರ, ಬ್ರಿಟಿಷರ ಕಾಲದ ಸರ್ಕಾರಿ ರಹಸ್ಯ ಕಾಯ್ದೆ ಇತ್ತು.

1990ರ ಮೇ 1ರಂದು ಅಲ್ಲಿನ ಕೂಲಿಕಾರರು ಮತ್ತು ರೈತರು ‘ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್’ ಕಟ್ಟಿದರು. ಐಎಎಸ್ ಬಿಟ್ಟು ಬಂದಿದ್ದ ಅರುಣಾ ರಾಯ್, ಜೊತೆಗೆ ನಿಖಿಲ್ ಡೇ ಮತ್ತು ಶಂಕರ್ ಸಿಂಗ್ ಅವರೊಂದಿಗಿದ್ದರು. ಕೂಲಿಯ ಜಗಳ ನಿಧಾನವಾಗಿ ದಾಖಲೆಯ ಜಗಳವಾಯಿತು. ಕಾಗದ ಅಧಿಕಾರಿಯ ಕೈಲಿರೋವರೆಗೆ ಸತ್ಯವೂ ಅವನ ಕೈಯಲ್ಲೇ ಅನ್ನೋದು ಅವರಿಗೆ ಅರ್ಥವಾಗಿತ್ತು.

1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾಣಾ ಎಂಬಲ್ಲಿ ಅವರು ಮೊದಲ ‘ಜನ ಸುನ್‌ವಾಯಿ’, ಅಂದರೆ ಸಾರ್ವಜನಿಕ ವಿಚಾರಣೆ ನಡೆಸಿದರು. ವಿಧಾನ ಬಹಳ ಸರಳ. ಹೇಗಾದರೂ ಮಾಡಿ ಮಸ್ಟರ್ ರೋಲು, ಬಿಲ್ಲು, ವೋಚರ್‌ಗಳ ಪ್ರತಿ ಸಂಪಾದಿಸೋದು. ಊರವರನ್ನೆಲ್ಲ ಸೇರಿಸಿ ಗಟ್ಟಿಯಾಗಿ ಓದೋದು. ಹೆಸರಿದ್ದವರನ್ನೇ “ನೀವು ಈ ಕೆಲಸಕ್ಕೆ ಹೋಗಿದ್ರಾ? ಇಷ್ಟು ದುಡ್ಡು ಬಂತಾ?” ಅಂತ ಕೇಳೋದು. ಇಂಥ ವಿಚಾರಣೆಗಳಲ್ಲಿ ಕೆಲಸಕ್ಕೇ ಹೋಗದವರ, ಸತ್ತುಹೋದವರ ಹೆಸರಲ್ಲೂ ಕೂಲಿ ಬರೆದಿದ್ದು ಹೊರಬಂತು. ಕಾಗದದಲ್ಲಿ ಮುಗಿದ ಕಾಮಗಾರಿ ನೆಲದ ಮೇಲೆ ಇರಲೇ ಇಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ, ರೀಡಿಂಗನ್ನು ಬೇರೆ ಉಪಕರಣದಿಂದ ತಾಳೆ ನೋಡಿದ ಹಾಗೆ. ಇಲ್ಲಿ ಆ ಉಪಕರಣ ಊರಿನ ನೆನಪು.

ಪ್ರತಿ ಕೊಡೋ ಅಧಿಕಾರಿ ವರ್ಗವಾದರೆ ದಾರಿ ಮುಚ್ಚಿತು. ಅದಕ್ಕೇ ಕಾನೂನೇ ಬೇಕು ಅಂತ 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ‘ನಮ್ಮ ದುಡ್ಡು, ನಮ್ಮ ಲೆಕ್ಕ’ ಅನ್ನೋದು ಘೋಷಣೆ. ರಾಜಸ್ಥಾನ, ಕರ್ನಾಟಕ ಸೇರಿ ಕೆಲವು ರಾಜ್ಯಗಳು ತಮ್ಮದೇ ಕಾಯ್ದೆ ಮಾಡಿದವು. 2005ರ ಅಕ್ಟೋಬರ್ 12ರಂದು ಇಡೀ ದೇಶದ ಕಾಯ್ದೆ ಪೂರ್ಣವಾಗಿ ಜಾರಿಗೆ ಬಂತು.

ಬಳಸೋದು ಕಷ್ಟವೇನಲ್ಲ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಯಾಕೆ ಬೇಕು ಅಂತ ಕಾರಣ ಹೇಳಬೇಕಿಲ್ಲ. ಉತ್ತರಕ್ಕೆ 30 ದಿನ; ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. “ರಸ್ತೆ ಯಾಕೆ ಹಾಳಾಗಿದೆ?” ಅಂತ ಕೇಳಿದರೆ ಏನೂ ಸಿಗಲ್ಲ. “ಈ ರಸ್ತೆಯ ಅಂದಾಜು ಪಟ್ಟಿ, ಎಂ.ಬಿ. ಪುಟಗಳು, ಬಿಲ್‌ಗಳ ದೃಢೀಕೃತ ಪ್ರತಿ ಕೊಡಿ” ಅಂತ ಕೇಳಬೇಕು. ಕಾಮಗಾರಿಯ ಸಾಮಗ್ರಿಯ ಮಾದರಿಯನ್ನೂ ಕೇಳಿ ಪಡೆಯೋ ಹಕ್ಕಿದೆ. ನಮ್ಮ ಉತ್ತರ ಪತ್ರಿಕೆ ನಮಗೆ ನೋಡೋಕೆ ಸಿಗಬೇಕು ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ ಕಾಯ್ದೆಯಡಿ.

ಆದರೆ ಈ ಬಾಗಿಲು ಈಗ ಕಿರಿದಾಗುತ್ತಿದೆ. ವೈಯಕ್ತಿಕ ಮಾಹಿತಿಗೆ ಮೊದಲೂ ವಿನಾಯಿತಿ ಇತ್ತು, ಷರತ್ತುಗಳ ಜೊತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಷರತ್ತುಗಳನ್ನು ತೆಗೆಯಿತು. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಅನ್ನೋ ಪ್ರತ್ಯೇಕ ಕಲಂ ಉಳಿದಿದೆ, ನಿಜ. ಆದರೂ ಮಸ್ಟರ್ ರೋಲ್ ಅಂದರೆ ಹೆಸರುಗಳ ಪಟ್ಟಿಯೇ ತಾನೆ? ಹೆಸರು ಕೊಡಲ್ಲ ಅಂದರೆ ಸತ್ತವರ ಕೂಲಿ ಕಂಡುಹಿಡಿಯೋದು ಹೇಗೆ? ಹೋರಾಟಗಾರರು ಕೇಳ್ತಿರೋದು ಇದನ್ನೇ.

ಇನ್ನೊಂದು ಹೆಸರು ನಮಗೆಲ್ಲ ಗೊತ್ತಿರಬೇಕು: ಸತ್ಯೇಂದ್ರ ದುಬೆ. ಐಐಟಿ ಕಾನ್ಪುರದಲ್ಲಿ ಸಿವಿಲ್ ಓದಿ ಹೆದ್ದಾರಿ ಪ್ರಾಧಿಕಾರ ಸೇರಿದವರು. ಸುವರ್ಣ ಚತುಷ್ಪಥ ಕಾಮಗಾರಿಯ ಅಕ್ರಮಗಳ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದು, ಹೆಸರು ಗುಟ್ಟಾಗಿಡಿ ಅಂತ ಕೋರಿದ್ದರು. ಪತ್ರ ಹೆಸರಿನ ಸಮೇತ ಕಚೇರಿಗಳಲ್ಲಿ ಓಡಾಡಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರು ಗುಂಡೇಟಿಗೆ ಬಲಿಯಾದರು. ಅದು ದರೋಡೆಗೆ ಮಾಡಿದ ಕೊಲೆ ಅಂತ ಸಿಬಿಐ ಹೇಳಿತು. ಅನೇಕರು ಇದನ್ನು ಒಪ್ಪಲಿಲ್ಲ.

ದುಬೆ ಒಬ್ಬರೇ ಇದ್ದರು, ಅವರ ಕೈಲಿದ್ದ ಸತ್ಯ ಫೈಲಿನೊಳಗಿತ್ತು. ಕೋಟ್ ಕಿರಾಣಾದಲ್ಲಿ ಫೈಲು ಬಯಲಿಗೆ ಬಂದಿತ್ತು, ಓದೋಕೆ ಊರೇ ಇತ್ತು. ದಾಖಲೆ ಎಲ್ಲರಿಗೂ ಕಾಣೋ ಹಾಗಿದ್ದರೆ ಪ್ರಾಮಾಣಿಕ ಇಂಜಿನಿಯರ್ ಒಂಟಿಯಾಗಿ ಗುಟ್ಟು ಹೊತ್ತು ತಿರುಗಬೇಕಿಲ್ಲ. ತಪ್ಪು ಸಹಿ ಹಾಕು ಅಂತ ಒತ್ತಾಯ ಬಂದಾಗ “ನಾಳೆ ಯಾರಾದ್ರೂ ಆರ್‌ಟಿಐ ಹಾಕ್ತಾರೆ ಸಾರ್” ಅನ್ನೋಕಾದರೂ ಒಂದು ಆಸರೆ ಇರುತ್ತೆ. ಇನ್ನು ಮೂರ್ನಾಲ್ಕು ವರ್ಷದಲ್ಲಿ ನಮ್ಮಲ್ಲೇ ಕೆಲವರ ಮುಂದೆ ಒಂದು ಎಂ.ಬಿ. ಬರುತ್ತೆ. ಬೇರೆಯವರು ಧೈರ್ಯವಾಗಿ ಕೇಳಿ ಓದಬಹುದಾದ ಅಳತೆಯನ್ನೇ ನಾವು ಅದರಲ್ಲಿ ಬರೆಯೋಣ.