ಪ್ರಾತ್ಯಕ್ಷಿಕೆಯ ಒಲೆ ಮತ್ತು ಕದ್ರಾದ ಹಸಿ ಕಟ್ಟಿಗೆ



ಕಾರವಾರ ತಾಲ್ಲೂಕಿನ ಕದ್ರಾದಲ್ಲಿ ಕಾಳಿ ನದಿಗೆ ಕಟ್ಟಿದ ಆಣೆಕಟ್ಟಿನ ವಿದ್ಯುದಾಗಾರದ ಸಾಮರ್ಥ್ಯ 150 ಮೆಗಾವಾಟ್. ಅದೇ ಜಲಾಶಯದ ನೀರನ್ನು ಬಳಸುವ ಕೈಗಾದ ನಾಲ್ಕು ಘಟಕಗಳದು 880 ಮೆಗಾವಾಟ್. ಇಷ್ಟು ವಿದ್ಯುತ್ತು ಹುಟ್ಟುವ ಕಣಿವೆಯಲ್ಲಿಯೂ ಕುಚ್ಚಲಕ್ಕಿಗೆ ಭತ್ತ ಬೇಯಿಸಲು, ಬಚ್ಚಲ ಹಂಡೆ ಕಾಯಿಸಲು, ದನಗಳ ಅಕ್ಕಚ್ಚು ಬಿಸಿ ಮಾಡಲು ಕಟ್ಟಿಗೆ ಬೇಕೇ ಬೇಕು. ಮನೆಗೆ ಸಿಲಿಂಡರು ಬಂದಿದ್ದರೂ ಹಂಡೆಯ ಕೆಳಗೆ ಅದನ್ನು ಉರಿಸುವವರು ವಿರಳ.

ಹಿಂದೊಮ್ಮೆ ಒಂದು ಪ್ರದರ್ಶನದಲ್ಲಿ ನಾನು ಸುಧಾರಿತ ಒಲೆಯ ಗುಣಗಾನ ಮಾಡುತ್ತಿದ್ದೆ. ಮುಂದೆ ನಿಂತಿದ್ದ ರೈತ ಮಹಿಳೆಯೊಬ್ಬರು ಒಲೆಯ ಬಾಯಿಯನ್ನು ಬಗ್ಗಿ ನೋಡಿ, "ಇದು ಯಾವ ತಿಂಗಳ ಕಟ್ಟಿಗೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ವಿಶ್ವವಿದ್ಯಾನಿಲಯಗಳ ಪರೀಕ್ಷಾ ಕೇಂದ್ರಗಳಲ್ಲಿ ಒಲೆ, ಗೋಬರ್ ಗ್ಯಾಸ್, ಸೌರ ಒಣಗಿಸುವ ಯಂತ್ರಗಳನ್ನು ನೋಡಲು ಹೋಗುವ ನೀವೂ ಇದೇ ಪ್ರಶ್ನೆಯನ್ನು ಕೇಳಬೇಕೆಂಬುದು ನನ್ನ ಕೋರಿಕೆ.

ಒಲೆಯ ಪರೀಕ್ಷೆ ಸರಳವಾದದ್ದು. ಒಣಗಿದ ಕಟ್ಟಿಗೆಯನ್ನು ತೂಗಿ, ಅಳತೆಯ ನೀರನ್ನು ಕುದಿಸಿ, ಆವಿಯಾದ ನೀರು ಎಷ್ಟೆಂದು ಮತ್ತೆ ತೂಗುತ್ತಾರೆ. ಕಟ್ಟಿಗೆಯಲ್ಲಿದ್ದ ಶಾಖದ ಎಷ್ಟು ಪಾಲು ನೀರಿಗೆ ಸೇರಿತೆಂಬುದು ಇದರಿಂದ ತಿಳಿಯುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಇದು ಸಾಮಾನ್ಯವಾಗಿ ಶೇ. 10ರಿಂದ 15. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ರೂಪಿಸಿದ ಮೂರು ಪಾತ್ರೆಗಳ ಅಸ್ತ್ರ ಒಲೆ ಪ್ರಯೋಗಾಲಯದಲ್ಲಿ ಶೇ. 40ರ ಆಸುಪಾಸು ಮುಟ್ಟಿತು. ಜಾಲರಿಯ ಮೇಲೆ ಕಟ್ಟಿಗೆ ಉರಿಯುತ್ತದೆ, ಬಿಸಿಗಾಳಿ ಮೂರೂ ಪಾತ್ರೆಗಳ ತಳ ತಾಗಿದ ಮೇಲೆಯೇ ಹೊಗೆ ಕೊಳವೆಯನ್ನು ಸೇರುತ್ತದೆ. ಗುಟ್ಟು ಇಷ್ಟೇ.

ಆದರೆ ಆ ಅಂಕಿ ಒಣ ಕಟ್ಟಿಗೆಯದು. ಕಾರವಾರದ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆ ಸುಮಾರು 3,500 ಕಿಲೋ ಕ್ಯಾಲರಿ ಶಾಖ ಕೊಟ್ಟರೆ, ಅರ್ಧ ತೂಕ ನೀರೇ ಇರುವ ಹಸಿ ಕಟ್ಟಿಗೆ ಕೊಡುವುದು 1,900ರಷ್ಟು ಮಾತ್ರ. ತೂಕದ ಅರ್ಧ ನೀರೇ ಆದ್ದರಿಂದ ಉರಿಯುವ ಕಟ್ಟಿಗೆಯೇ ಕಡಿಮೆ, ಅದರ ಶಾಖದಲ್ಲೂ ಒಂದು ಪಾಲು ಅದೇ ನೀರನ್ನು ಆವಿ ಮಾಡುವುದರಲ್ಲಿ ಮುಗಿಯುತ್ತದೆ, ಮನೆಯಾಕೆಯ ಕಣ್ಣಿಗೆ ಹೊಗೆ. ಆದ್ದರಿಂದ ಕದ್ರಾದಂಥ ಊರಿನಲ್ಲಿ ಮೊದಲು ಕಟ್ಟಬೇಕಾದದ್ದು ಒಲೆಯಲ್ಲ, ಕಟ್ಟಿಗೆಯ ಮಾಡು. ಶಿವರಾತ್ರಿ ಕಳೆಯುವುದರೊಳಗೆ ಕಟ್ಟಿಗೆಯನ್ನು ಸೀಳಿ, ನೆಲದಿಂದ ಒಂದು ಅಡಿ ಎತ್ತರದ ಅಟ್ಟಣಿಗೆಯ ಮೇಲೆ ಗಾಳಿಯಾಡುವಂತೆ ಒಟ್ಟಿರಿ.

ಇನ್ನು ಗೋಬರ್ ಗ್ಯಾಸಿನ ವಿಷಯ. ಇಲ್ಲಿ ತಪ್ಪುವುದು ತೇವದ ಲೆಕ್ಕವಲ್ಲ, ಸಗಣಿಯ ಲೆಕ್ಕ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಅಸ್ತ್ರ ಕೇಂದ್ರದವರು ಇಡೀ ಊರಿನ ಅಡುಗೆಗೆಂದು ಸಾಮೂಹಿಕ ಸ್ಥಾವರ ಕಟ್ಟಿದರು. ಸ್ಥಾವರದಲ್ಲಿ ದೋಷವಿರಲಿಲ್ಲ, ಊರಿನ ದನಗಳ ಸಗಣಿ ಎಲ್ಲರ ಅಡುಗೆಗೆ ಸಾಲಲಿಲ್ಲ. 1987ರಿಂದ ಅದೇ ಅನಿಲದಿಂದ ಎಂಜಿನ್ ನಡೆಸಿ ಮನೆಗಳಿಗೆ ಕುಡಿಯುವ ನೀರು, ದೀಪ ಒದಗಿಸಿದರು. ಆ ಕೆಲಸಕ್ಕೆ ಸಗಣಿ ಸಾಕಾಯಿತು, ಬಗ್ಗಡ ಗೊಬ್ಬರವಾಗಿ ಸಗಣಿ ಕೊಟ್ಟವರಿಗೇ ಮರಳಿತು. ಸೋತದ್ದನ್ನು ಒಪ್ಪಿಕೊಂಡು ದಾರಿ ಬದಲಿಸಿದ ಆ ವಿಜ್ಞಾನಿಗಳ ಬಗ್ಗೆ ನನಗೆ ಗೌರವವಿದೆ.

ನಿಮ್ಮ ಕೊಟ್ಟಿಗೆಗೆ ಬನ್ನಿ. ಎರಡು ಘನ ಮೀಟರ್ ಸ್ಥಾವರ ಐದಾರು ಜನರ ಅಡುಗೆಗೆ ಸಾಕು, ಅದಕ್ಕೆ ದಿನಕ್ಕೆ 50 ಕಿಲೋ ಹಸಿ ಸಗಣಿ, ಅಷ್ಟೇ ನೀರು ಬೇಕು. ಕೈಪಿಡಿಗಳಲ್ಲಿ ದನವೊಂದಕ್ಕೆ 10 ಕಿಲೋ ಎಂದು ಹಿಡಿದು ಐದು ದನ ಸಾಕೆನ್ನುತ್ತಾರೆ. ಹಗಲೆಲ್ಲ ಬೇಣ, ಕಾಡು ಮೇಯುವ ಮಲೆನಾಡು ಗಿಡ್ಡ ಸಣ್ಣ ತಳಿ; ರಾತ್ರಿಯ ಸಗಣಿಯಷ್ಟೇ ಕೊಟ್ಟಿಗೆಯಲ್ಲಿ ಸಿಗುವುದು. ತಲೆಗೆ ನಾಲ್ಕು ಕಿಲೋ ಸಿಕ್ಕಿತೆಂದರೆ ಎಂಟು ದನಗಳಿಂದ 32 ಕಿಲೋ. ಅಂಥವರಿಗೆ ಒಂದು ಘನ ಮೀಟರಿನ ಸ್ಥಾವರವೇ ತಕ್ಕದ್ದು. ದೊಡ್ಡದನ್ನು ಕಟ್ಟಿ ಅರೆಹೊಟ್ಟೆಯಲ್ಲಿಟ್ಟರೆ ಸಾಲವೂ ತೀರದು, ಒಲೆಯೂ ಉರಿಯದು.

ಶಿರಸಿ ತಾಲ್ಲೂಕಿನಲ್ಲಿ ಗೋಬರ್ ಗ್ಯಾಸ್ ನೆಲೆನಿಂತದ್ದು ಸುಮ್ಮನೆ ಅಲ್ಲ. ಅಲ್ಲಿ ದನ ಕೊಟ್ಟಿಗೆಯಲ್ಲಿ ಕಟ್ಟಿರುತ್ತವೆ, ಬಗ್ಗಡಕ್ಕೆ ಅಡಿಕೆ ತೋಟ ಕಾದಿರುತ್ತದೆ. ಸಗಣಿ ಕಡಿಮೆಯಾಯಿತೆಂದು ಸೊಪ್ಪು, ದರಕು ಸುರಿಯಬೇಡಿ. ಅವು ತೇಲಿ ಮೇಲೆ ಕೆನೆಗಟ್ಟಿ ಅನಿಲಕ್ಕೆ ಅಡ್ಡಿಯಾಗುತ್ತವೆ. ಎಲೆಗಳಿಗೆ ಬೇರೆ ವಿನ್ಯಾಸದ ಸ್ಥಾವರವೇ ಬೇಕು. ಗದ್ದೆ ಬಯಲಿನಲ್ಲಿ ಗುಂಡಿ ತೋಡುವುದೂ ಬೇಡ, ಆಷಾಢದಲ್ಲಿ ಅಂತರ್ಜಲ ಮೇಲೇರುತ್ತದೆ. ಮನೆಯ ಹಿಂದಿನ ದಿಬ್ಬ ಲೇಸು.

ಸೌರ ಒಣಗಿಸುವ ಯಂತ್ರದ ಬಗ್ಗೆ ಒಂದೇ ಮಾತು: ಖಾಲಿ ಪೆಟ್ಟಿಗೆಯ ಉಷ್ಣತಾಮಾಪಕ ನೋಡಿ ಮರುಳಾಗಬೇಡಿ. ಮುರುಗಲು ಸಿಪ್ಪೆ ತುಂಬಿಸಿ, ಮೇ ತಿಂಗಳ ಮೋಡದ ದಿನ ಎಷ್ಟು ಒಣಗಿತೆಂದು ಕೇಳಿ.

ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗುವ ಮೊದಲು ಬೇಸಿಗೆಯಲ್ಲೊಂದು ವಾರ, ಮಳೆಗಾಲದಲ್ಲೊಂದು ವಾರ ಬೆಳಗಿನ ಸಗಣಿಯನ್ನು ಬುಟ್ಟಿಯಲ್ಲಿ ತೂಗಿ ಬರೆದಿಡಿ. ಆ ಚೀಟಿ ಕೈಯಲ್ಲಿದ್ದರೆ ಸ್ಥಾವರದ ಗಾತ್ರ ನಿರ್ಧರಿಸಲು ಹತ್ತು ನಿಮಿಷ ಸಾಕು.