ಬೀಸಿನಲ್ಲಿದೆ ಗಾಲ್ಫಿನ ಗುಟ್ಟು

2021ರ ಆಗಸ್ಟ್ 7ರ ಶನಿವಾರ. ಗಾಲ್ಫ್ ಎಂದರೆ ಏನೆಂದೇ ತಿಳಿಯದಿದ್ದ ಎಷ್ಟೋ ಮನೆಗಳಲ್ಲಿ ಅಂದು ಬೆಳಿಗ್ಗೆ ಟಿ.ವಿ.ಯಲ್ಲಿ ಗಾಲ್ಫ್ ನಡೆಯುತ್ತಿತ್ತು. ಟೋಕಿಯೊ ಒಲಿಂಪಿಕ್ಸ್‌ನ ಮಹಿಳಾ ಗಾಲ್ಫ್ ಸ್ಪರ್ಧೆಯ ಕೊನೆಯ ಸುತ್ತು ಅದು. ಬೆಂಗಳೂರಿನ ಅದಿತಿ ಅಶೋಕ್ ಪದಕದ ಹೊಸ್ತಿಲಲ್ಲಿ ನಿಂತಿದ್ದರು. ನಾಲ್ಕು ದಿನಗಳ ಆಟ ಮುಗಿದಾಗ ಅವರ ಲೆಕ್ಕಕ್ಕೆ ಸಂದದ್ದು 269 ಹೊಡೆತಗಳು. ಬೆಳ್ಳಿ, ಕಂಚಿಗಾಗಿ ಸೆಣಸಿದ ಜಪಾನಿನ ಮೊನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೋ ಅವರಿಗಿಂತ ಒಂದೇ ಒಂದು ಹೊಡೆತ ಹೆಚ್ಚು. ಹೀಗಾಗಿ ಸಿಕ್ಕಿದ್ದು ನಾಲ್ಕನೇ ಸ್ಥಾನ.

ವಿಶ್ವ ಶ್ರೇಯಾಂಕದಲ್ಲಿ 200ನೇ ಸ್ಥಾನದಲ್ಲಿದ್ದ ಹುಡುಗಿ ಅಲ್ಲಿಯವರೆಗೆ ಬಂದದ್ದಾದರೂ ಹೇಗೆ? ಚೆಂಡನ್ನು ಬಲು ದೂರ ಅಟ್ಟುವವರ ಸಾಲಿಗೆ ಅದಿತಿ ಸೇರಿದವರಲ್ಲ. ಸಾಲದ್ದಕ್ಕೆ ಆ ವರ್ಷವೇ ಕೋವಿಡ್ ಕಾಡಿ ಮೈಯ ಕಸುವು ಕುಗ್ಗಿತ್ತು. ಅವರ ಬಂಡವಾಳ ನಿಖರತೆ, ತಾಳ್ಮೆ ಮತ್ತು ಕುಳಿಯ ಬಳಿಯ ಕೈಚಳಕ. ಐದನೆಯ ವಯಸ್ಸಿನಲ್ಲಿ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಕೋಲು ಹಿಡಿದ ಈಕೆ, 2016ರಲ್ಲಿ 18 ತುಂಬಿದ ಹೊಸತರಲ್ಲೇ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದರು. ಅದೇ ವರ್ಷ ಮಹಿಳಾ ಇಂಡಿಯನ್ ಓಪನ್ ಗೆದ್ದರು.

ಇಷ್ಟಾದರೂ ಗಾಲ್ಫ್ ಕಲಿಯಹೊರಟ ಹುಡುಗಿಯರ ಕಿವಿಗೆ ಇಂದಿಗೂ ಬೀಳುವ ಮಾತು ಒಂದೇ: 'ಹೆಣ್ಣುಮಕ್ಕಳ ತೋಳಿನಲ್ಲಿ ಬಲ ಸಾಲದು.' ಈ ಮಾತು ಎಷ್ಟು ನಿಜ? ಅಮೆರಿಕದ ವೃತ್ತಿಪರ ಮಹಿಳಾ ಟೂರ್‌ನಲ್ಲಿ ಆಡುವವರ ಡ್ರೈವರ್ ಕೋಲಿನ ತಲೆ ಗಂಟೆಗೆ ಸರಾಸರಿ 150 ಕಿ.ಮೀ. ವೇಗದಲ್ಲಿ ಚೆಂಡಿಗೆ ತಾಗುತ್ತದೆ. ವಾರಕ್ಕೊಮ್ಮೆ ಹವ್ಯಾಸಕ್ಕೆ ಆಡುವ ಸಾಮಾನ್ಯ ಗಂಡಸಿನ ವೇಗವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಈ ಮಹಿಳೆಯರ ಚೆಂಡು ಅವನ ಚೆಂಡಿಗಿಂತ ದೂರಕ್ಕೂ ನೇರಕ್ಕೂ ಹೋಗುತ್ತದೆ. ವೇಗ ಒಂದೇ ಆದಮೇಲೆ ವ್ಯತ್ಯಾಸ ಇರುವುದು ಬೀಸಿನಲ್ಲಿ ಎಂದಾಯಿತಲ್ಲ! ಬೀಸಿನ ದೋಷವನ್ನು ತಿದ್ದಬಹುದು. 'ನಿನಗೆ ಬಲವಿಲ್ಲ' ಎಂಬ ಮಾತು ಮನಸ್ಸಿನಲ್ಲಿ ಬೇರೂರಿದರೆ ತಿದ್ದುವುದು ಕಷ್ಟ. ಹುಡುಗಿಯರಲ್ಲಿ ಹೆಚ್ಚಾಗಿ ಕಾಣುವ ಕೆಲವು ದೋಷಗಳನ್ನೂ ಅವುಗಳ ಮದ್ದನ್ನೂ ಇಲ್ಲಿ ಕೊಟ್ಟಿದೆ. ವಿವರಣೆ ಬಲಗೈ ಆಟಗಾರ್ತಿಯರಿಗೆ. ಎಡಗೈಯವರು ಎಡ-ಬಲ ಅದಲುಬದಲು ಮಾಡಿಕೊಳ್ಳಬೇಕು.

ಹಿಡಿತ

ಕೋಲನ್ನು ಅಂಗೈಯಲ್ಲಿ ಒತ್ತಿ ಹಿಡಿಯುವುದು ಮೊದಲ ತಪ್ಪು. ಆಗ ಮಣಿಕಟ್ಟು ಮರಗಟ್ಟುತ್ತದೆ, ಕೋಲಿನ ಮುಖ ಹೊರಕ್ಕೆ ತೆರೆದುಕೊಳ್ಳುತ್ತದೆ, ಚೆಂಡು ಬಲಕ್ಕೆ ಬಾಗಿ ಓಡುತ್ತದೆ. ಎಡಗೈಯ ಕಿರುಬೆರಳಿನ ಬುಡದಿಂದ ತೋರುಬೆರಳಿನ ನಡುಗೆಣ್ಣಿನವರೆಗೆ ಕೋಲು ಓರೆಯಾಗಿ ಬೆರಳುಗಳ ಮೇಲೆ ಕೂರಬೇಕು. ತಲೆ ಬಗ್ಗಿಸಿ ನೋಡಿದರೆ ಎಡ ಮುಷ್ಟಿಯ ಎರಡರಿಂದ ಮೂರು ಗೆಣ್ಣುಗಳು ಕಾಣಬೇಕು. ಬಿಗಿ ಎಷ್ಟಿರಬೇಕು? ಹೂ ಕಟ್ಟುವಾಗ ಬಾಳೆನಾರನ್ನು ಹಿಡಿಯುವಷ್ಟು. ಸಡಿಲಾದರೆ ಹೂ ಜಾರುತ್ತದೆ, ಜಗ್ಗಿದರೆ ತೊಟ್ಟು ಮುರಿಯುತ್ತದೆ.

ಅತಿಯಾದ ಹಿಂಬೀಸು

ಹುಡುಗಿಯರ ಕೀಲುಗಳು ಸಾಮಾನ್ಯವಾಗಿ ಹೆಚ್ಚು ಬಾಗುತ್ತವೆ. ಇದು ವರವೂ ಹೌದು, ತೊಡಕೂ ಹೌದು. ಕೋಲನ್ನು ಹಿಂದಕ್ಕೆ ಒಯ್ದಷ್ಟೂ ಹೊಡೆತಕ್ಕೆ ಜೋರು ಬರುತ್ತದೆಂದು ಎಣಿಸಿ, ಅದರ ತುದಿ ಬೆನ್ನ ಹಿಂದೆ ನೆಲದತ್ತ ಜೋಲುವವರೆಗೂ ಎಳೆಯುತ್ತಾರೆ. ಅಷ್ಟರಲ್ಲಿ ಎಡ ಮೊಣಕೈ ಮಡಚಿ, ಹಿಡಿತ ಸಡಿಲಿಸಿರುತ್ತದೆ. ಎಡ ಭುಜ ಗಲ್ಲದ ಕೆಳಗೆ ಬಂದೊಡನೆ ನಿಲ್ಲಿಸಿ. ಹಿಂಬೀಸು ಅಲ್ಲಿಗೆ ಮುಗಿಯಿತು. ಎರಡೂ ಪಾದ ಜೋಡಿಸಿ ನಿಂತು ಮೆಲ್ಲಗೆ ಬೀಸುವುದು ಒಳ್ಳೆಯ ಅಭ್ಯಾಸ. ಬೀಸು ಅತಿಯಾದರೆ ಮೈ ತಾನಾಗಿಯೇ ಓಲಾಡಿ ಎಚ್ಚರಿಸುತ್ತದೆ.

ತಿರುಗಬೇಕು, ಸರಿಯಬಾರದು

ಮೊಸರು ಕಡೆಯುವ ಕಡಗೋಲನ್ನು ನೋಡಿ. ಅತ್ತಿತ್ತ ಸರಿಯದೆ ನಿಂತಲ್ಲೇ ತಿರುಗುವುದರಿಂದಲೇ ಬೆಣ್ಣೆ ಬರುತ್ತದೆ. ಗಾಲ್ಫ್‌ನಲ್ಲಿ ಮೈ ತಿರುಗಬೇಕಾದುದೂ ಹಾಗೆಯೇ. ಸೊಂಟ ಬಲಕ್ಕೆ ಸರಿದುಹೋದರೆ ಚೆಂಡಿಗೆ ಹೊಂದಿಸಿಕೊಂಡ ಅಂತರವೇ ತಪ್ಪುತ್ತದೆ. ಮಲೆನಾಡಿನಲ್ಲಿ ಕೊಡೆಗೆ ಬರವಿಲ್ಲ. ಮಡಚಿದ ಕೊಡೆಯೊಂದನ್ನು ಬಲ ಸೊಂಟದಿಂದ ಎರಡು ಬೆರಳು ದೂರದಲ್ಲಿ ನೆಲಕ್ಕೆ ಊರಿ. ಹಿಂಬೀಸಿನಲ್ಲಿ ಸೊಂಟ ಅದಕ್ಕೆ ತಗುಲಬಾರದು.

ಇದರ ಬೆನ್ನಿಗೇ ಇನ್ನೊಂದು ತಪ್ಪಿದೆ. ಹೊಡೆದ ಮೇಲೆ ಮೈಭಾರ ಬಲಗಾಲಿನಲ್ಲೇ ಉಳಿದು ಹಿಂದಕ್ಕೆ ವಾಲುವುದು. ಬೀಸು ಮುಗಿದಾಗ ಹೊಟ್ಟೆ ಗುರಿಯತ್ತ ತಿರುಗಿರಬೇಕು, ಬಲಗಾಲಿನ ತುದಿಬೆರಳಷ್ಟೇ ನೆಲ ಮುಟ್ಟಿರಬೇಕು. ಆ ಕಾಲನ್ನು ಎತ್ತಿದರೂ ಬೀಳದಿದ್ದರೆ ಭಾರ ಸರಿಯಾದ ಕಡೆ ಬಂದಿದೆ ಎಂದರ್ಥ.

ಚೆಂಡನ್ನು ಎತ್ತುವ ಆಸೆ

ಚೆಂಡು ಗಾಳಿಗೇರಲೆಂದು ಮಣಿಕಟ್ಟಿನಿಂದ ಅದನ್ನು ಸೌಟಿನಂತೆ ಎತ್ತಹೋಗುವುದು ಹೊಸಬರೆಲ್ಲರ ಹಣೆಬರಹ. ಚೆಂಡನ್ನು ಏರಿಸುವುದು ಕೋಲಿನ ಕೆಲಸ. 7ನೇ ನಂಬರಿನ ಐರನ್ ಕೋಲಿನ ಮುಖಕ್ಕೆ ಸುಮಾರು 30 ಡಿಗ್ರಿಯಷ್ಟು ಓರೆಯನ್ನು ತಯಾರಿಸುವಾಗಲೇ ಕೊಟ್ಟಿರುತ್ತಾರೆ. ನೀವು ಮಾಡಬೇಕಾದುದು ಇಷ್ಟೇ: ಮೊದಲು ಚೆಂಡು, ಆಮೇಲೆ ಹುಲ್ಲು. ಚೆಂಡಿಗಿಂತ ನಾಲ್ಕು ಬೆರಳು ಮುಂದೆ ಒಂದು ಎಲೆ ಇಟ್ಟು, ಕೋಲು ಆ ಎಲೆಯನ್ನೂ ಸವರಿಕೊಂಡು ಹೋಗುವಂತೆ ಬೀಸಿ.

ಡ್ರೈವರ್‌ನ ಲೆಕ್ಕ ಮಾತ್ರ ಬೇರೆ. ಅಲ್ಲಿ ಚೆಂಡು ಟೀ ಎಂಬ ಗೂಟದ ಮೇಲಿರುತ್ತದೆ. ಅದನ್ನು ಎಡ ಹಿಮ್ಮಡಿಯ ನೇರಕ್ಕಿಟ್ಟು, ಕೋಲು ಮೇಲಕ್ಕೇಳುವ ಹೊತ್ತಿನಲ್ಲಿ ತಾಗಿಸಬೇಕು. ವೃತ್ತಿಪರ ಮಹಿಳೆಯರು ಇದ್ದ ವೇಗದಲ್ಲೇ ಹೆಚ್ಚು ದೂರ ಗಳಿಸುವುದು ಹೀಗೆ.

ಸದ್ದು ಎಲ್ಲಿ ಕೇಳಿತು?

ಬೀಸಿನ ಆರಂಭದಲ್ಲೇ ಮಣಿಕಟ್ಟು ಬಿಚ್ಚಿಬಿಟ್ಟರೆ ಇದ್ದಬದ್ದ ವೇಗವೆಲ್ಲ ಚೆಂಡು ಮುಟ್ಟುವ ಮೊದಲೇ ಖರ್ಚು. ಇದನ್ನು ಪರೀಕ್ಷಿಸಲು ಗಾಲ್ಫ್ ಕೋಲೂ ಬೇಡ, ಒಂದು ತೆಳ್ಳನೆಯ ಬೆತ್ತ ಸಾಕು. ಜೋರಾಗಿ ಬೀಸಿ 'ಸುಂಯ್' ಎಂಬ ಸದ್ದು ಎಲ್ಲಿ ಕೇಳುತ್ತದೆಂದು ಗಮನಿಸಿ. ಬಲಕಿವಿಯ ಬಳಿ ಕೇಳಿದರೆ ವೇಗ ಪೋಲಾಗಿದೆ. ಚೆಂಡು ಇರಬೇಕಾದ ಜಾಗ ದಾಟಿ, ಎಡಕ್ಕೆ ಕೇಳಬೇಕು.

ಕೊನೆಯದಾಗಿ, 'ತಲೆ ಎತ್ತಬೇಡ' ಎಂಬ ಬುದ್ಧಿಮಾತು. ಹೊಡೆತ ತಪ್ಪಿದಾಗಲೆಲ್ಲ ಸುತ್ತ ನಿಂತವರು ಇದನ್ನೇ ಹೇಳುತ್ತಾರೆ. ಎಷ್ಟೋ ಸಲ ಮೇಲೆದ್ದಿರುವುದು ಬೆನ್ನು. ತಲೆ ಅದರ ಹಿಂದೆ ಹೋಗಿದೆ, ಅಷ್ಟೆ. ನಡು ಗೂನಾಗಿಸದೆ ಸೊಂಟದ ಕೀಲಿನಿಂದ ಮುಂದಕ್ಕೆ ಬಾಗಿ, ತೋಳು ಸಡಿಲವಾಗಿ ಇಳಿಬಿಡಿ. ಗೋಡೆಗೆ ಹಿಂಭಾಗ ತಾಗಿಸಿ ನಿಂತು, ಕೋಲಿಲ್ಲದೆ ಬರಿಗೈಯಲ್ಲಿ ಬೀಸಿ. ಚೆಂಡು ತಾಗುವ ಗಳಿಗೆ ಕಳೆಯುವವರೆಗೂ ಗೋಡೆಯ ಸ್ಪರ್ಶ ತಪ್ಪಬಾರದು.

ತಂದೆ ತಾಯಂದಿರಿಗೆ

ಮನೆಯ ಗಂಡಸರ ಹಳೆಯ ಕೋಲುಗಳನ್ನು ಕತ್ತರಿಸಿ ಮಗಳಿಗೆ ಕೊಡುವ ಪದ್ಧತಿಯಿದೆ. ಉಳಿತಾಯವೇನೋ ಸರಿ. ಆದರೆ ಕತ್ತರಿಸಿದ ಕೋಲು ಇನ್ನಷ್ಟು ಸೆಟೆಯುತ್ತದೆ, ತಲೆಯ ಭಾರ ಹಾಗೆಯೇ ಉಳಿಯುತ್ತದೆ, ಹಿಡಿಕೆ ಪುಟ್ಟ ಕೈಗೆ ದಪ್ಪವಾಗುತ್ತದೆ. ಮೇಲೆ ಹೇಳಿದ ದೋಷಗಳಲ್ಲಿ ಅರ್ಧದಷ್ಟು ಹುಟ್ಟುವುದು ಇಂತಹ ಕೋಲಿನಿಂದಲೇ. ಎಲ್ಲವನ್ನೂ ಕೊಳ್ಳಬೇಕೆಂದಿಲ್ಲ. ನಿಯಮದ ಪ್ರಕಾರ 14 ಕೋಲುಗಳವರೆಗೆ ಒಯ್ಯಬಹುದಾದರೂ, ಕಲಿಯುವವರಿಗೆ ಹಗುರವಾದ, ಅಳತೆಗೆ ಹೊಂದುವ ನಾಲ್ಕೈದು ಸಾಕು. ಸೊಂಟವೋ ಮಣಿಕಟ್ಟೋ ನೋವೆಂದು ಮಗು ಹೇಳಿದರೆ ಅಂದಿನ ಅಭ್ಯಾಸ ಅಲ್ಲಿಗೆ ನಿಲ್ಲಲಿ. ಕಲಿಸುವವರು ಒಬ್ಬರೇ ಇರಲಿ. ಮೂವರ ಸಲಹೆ ಸೇರಿದರೆ ಬೀಸು ಮೂರಾಬಟ್ಟೆಯಾಗುತ್ತದೆ.

ವರದಮೂಲದಲ್ಲಿ ವರದೆಯ ನೀರು ಕುಡಿದು ಬೆಳೆದ ಮಗುವಿಗೆ ಈ ಆಟ ದೂರದ ಬೆಟ್ಟವೇ ಸರಿ. ಖರ್ಚೂ ಕಡಿಮೆಯಲ್ಲ. ಮೈದಾನಗಳಿರುವುದು ಚಿಕ್ಕಮಗಳೂರು, ಮೈಸೂರು, ಬೆಂಗಳೂರುಗಳಲ್ಲಿ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ಓದಿಗೆಂದು ಆ ಊರುಗಳಿಗೆ ಹೋಗುವ ಹೆಣ್ಣುಮಕ್ಕಳು ಕಡಿಮೆಯೇನಿಲ್ಲ. ಕತ್ತಿ ಹಿಡಿದು ಹುಲ್ಲು ಸವರಿದ, ದೋಟಿ ಹಿಡಿದು ಹಣ್ಣು ಕಿತ್ತ ಕೈಗೆ ಬೀಸಿನ ಲಯ ಹೊಸದಲ್ಲ. ಬೆತ್ತದ ಸದ್ದು, ಊರಿದ ಕೊಡೆ, ಗೋಡೆಯ ಪಾಠ ಇವಕ್ಕೆಲ್ಲ ಅಡಕೆ ಒಣಗಿಸುವ ಅಂಗಳವೇ ಸಾಕು, ಕಾಸೂ ಖರ್ಚಿಲ್ಲ. ಯಾವುದೇ ಆಟದಲ್ಲಿ ಮಗಳು ಹೊಡೆತ ತಪ್ಪಿದಾಗ 'ಬಲ ಸಾಲದು' ಎನ್ನುವ ಬದಲು 'ಪಾದ ಎಲ್ಲಿತ್ತು ನೋಡು' ಎನ್ನಿ. ಮುಂದಿನ ಹೊಡೆತಕ್ಕೆ ಅವಳು ತಾನೇ ತಿದ್ದಿಕೊಂಡು ನಿಲ್ಲುತ್ತಾಳೆ.